ಶನಿವಾರ ಮನೆಗೆ ಹೋದವಳು

ನನ್ನ ಬಳಿ ಒಂದು ಕಾಗದವಿದೆ. ಆಸ್ಪತ್ರೆಯ ಮುದ್ರೆ, ವೈದ್ಯರ ಸಹಿ, ಎರಡೂ ಸ್ಪಷ್ಟವಾಗಿವೆ. 1986ರ ಮೇ 31, ಶನಿವಾರ, ನನ್ನ ಹೆಂಡತಿ ಗುಣಮುಖಳಾಗಿ ಮನೆಗೆ ಹೋದಳು ಎಂದು ಅದು ಹೇಳುತ್ತದೆ. ತಾರೀಖು ಮತ್ತು ವಾರ ಹೊಂದುತ್ತವೆ, ಪರೀಕ್ಷಿಸಿದ್ದೇನೆ. ಅಂದು ವೈಶಾಖ ಬಹುಳ. ಸೂರ್ಯೋದಯಕ್ಕೆ ಅಷ್ಟಮಿ ಉಳಿದಿತ್ತೋ ನವಮಿ ಹಿಡಿದಿತ್ತೋ ಎಂಬಲ್ಲಿ ನನ್ನಲ್ಲಿರುವ ಎರಡು ಪಂಚಾಂಗಗಳಿಗೆ ಒಮ್ಮತವಿಲ್ಲ, ಆದರೆ ವಾರದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕಲ್ಲಿನ ಮೇಲಿನ ಬರಹವೊಂದು ಇಷ್ಟು ಒಪ್ಪವಾಗಿ ಹೊಂದಿದ್ದರೆ ಅದನ್ನು ನೈಜವೆಂದು ನಾನು ಕಣ್ಣು ಮುಚ್ಚಿ ಒಪ್ಪುತ್ತಿದ್ದೆ.

ಅವಳು ಅಂದು ಮನೆಗೆ ಹೋಗಲಿಲ್ಲ. ಹೋದದ್ದು ಜೂನ್ 12ರ ಗುರುವಾರ. ಅಷ್ಟರಲ್ಲಿ ಅವಳ ಎರಡೂ ಕಿವಿಗಳು ಹೋಗಿದ್ದವು. ಆ ಕಿವಿಗಳು ಹೋದದ್ದರಲ್ಲಿ ನನ್ನ ಪಾಲು ಎಷ್ಟು ಎಂಬುದನ್ನು ಒಂದೂವರೆ ವರ್ಷ ಅವಳಿಗೆ ಹೇಳದೆ ಉಳಿದೆ. ಈ ಬರಹ ಅದರ ಬಗ್ಗೆ.

ನಾನು ಸರ್ಕಾರದ ಒಂದು ಸಂಶೋಧನಾ ವಿಭಾಗದಲ್ಲಿ ಶಾಸನಗಳನ್ನು ಓದುವ ಕೆಲಸದಲ್ಲಿದ್ದೆ. ಅಣ್ಣಿಗೇರಿ, ನವಲಗುಂದ, ಕುಂದಗೋಳದ ಹಳ್ಳಿಗಳಲ್ಲಿ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ, ದನದ ಕೊಟ್ಟಿಗೆಯ ಗೋಡೆಯಲ್ಲಿ ಸಿಕ್ಕ ಕಲ್ಲುಗಳಿಗೆ ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು, ಮಸಿಯ ಪ್ರತಿ ತೆಗೆಯುವುದು. ಆಮೇಲೆ ಅದರಲ್ಲಿರುವ ಶಕವರ್ಷ, ಸಂವತ್ಸರ, ತಿಥಿ, ವಾರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಲೆಕ್ಕ ಹಾಕಿ ನೋಡುವುದು. ಹೊಂದದಿದ್ದರೆ ಕಡೆದವನು ತಪ್ಪಿರಬೇಕು, ಇಲ್ಲವೇ ಕಲ್ಲು ತಾನು ಹೇಳಿಕೊಳ್ಳುವ ಕಾಲದ್ದಲ್ಲ. ಎರಡನೆಯ ಬಗೆಯದನ್ನು ಕೂಟಶಾಸನ ಎನ್ನುತ್ತೇವೆ: ಯಾರದೋ ಹಕ್ಕನ್ನು ಸಾಧಿಸುವುದಕ್ಕಾಗಿ ಆಮೇಲೆ ಹುಟ್ಟಿಸಿದ ದಾಖಲೆ. ಅಂಥವನ್ನು ಗುರುತಿಸುವುದರಲ್ಲಿ ನನಗೆ ಸ್ವಲ್ಪ ಹೆಸರಿತ್ತು.

ಹೀಗಿದ್ದ ನನ್ನ ಹುಟ್ಟಿದ ದಿನವೇ ಸುಳ್ಳು. ಸೀಗಿ ಹುಣ್ಣಿಮೆಗೆ ಮೂರು ದಿನ ಇದ್ದಾಗ ನಾನು ಹುಟ್ಟಿದೆನೆಂದು ನಮ್ಮವ್ವ ಹೇಳುತ್ತಿದ್ದಳು. ಮನೆಗೆ ಬರುತ್ತಿದ್ದ ಮಠದ ಅಯ್ಯನವರು ಬರೆದಿಟ್ಟಿದ್ದ ಚೀಟಿಯೂ ಅದನ್ನೇ ಹೇಳುತ್ತದೆ. ಅಂದರೆ ಅಕ್ಟೋಬರ್. ಆದರೆ ನಮ್ಮ ಸೀಮೆಯಲ್ಲಿ ಆ ಕಾಲಕ್ಕೆ ಮಕ್ಕಳನ್ನು ಶಾಲೆಗೆ ಕರೆದೊಯ್ದಾಗ ಮಾಸ್ತರರು ಹುಟ್ಟಿದ ದಿನ ಕೇಳುತ್ತಿರಲಿಲ್ಲ. ಹುಡುಗನ ಎತ್ತರ ನೋಡಿ ವರ್ಷ ಹಾಕಿ, ಮುಂದೆ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಸಂಶಿಯ ನಮ್ಮ ಶಾಲೆಯ ದಾಖಲೆ ಪುಸ್ತಕವನ್ನು ಎಷ್ಟೋ ವರ್ಷಗಳ ಮೇಲೆ ನಾನೇ ಹೋಗಿ ನೋಡಿದೆ. ನನ್ನ ಪುಟದಲ್ಲಿ ಮೇಲಿನವರು, ಕೆಳಗಿನವರು, ಎಲ್ಲರೂ ಜೂನ್ ಒಂದರಂದೇ ಹುಟ್ಟಿದ್ದರು, ಊರಿನ ತಾಯಂದಿರೆಲ್ಲ ಒಂದೇ ದಿನ ಬಾಣಂತಿಯರಾದಂತೆ. ಕೆಲಸಕ್ಕೆ ಸೇರಿದಾಗ ಒಂದು ಅರ್ಜಿ ಕೊಟ್ಟು ತಿದ್ದಿಸಬಹುದಿತ್ತು. ಕೊಡಲಿಲ್ಲ. ನಿಜವಾದ ದಿನ ಹಿಡಿದರೆ ಆ ವರ್ಷದ ನೇಮಕಕ್ಕೆ ನನಗೆ ವಯಸ್ಸು ಕೆಲವು ತಿಂಗಳು ಸಾಲುತ್ತಿರಲಿಲ್ಲ. ಆಗ ಆ ಸುಳ್ಳು ನನಗೆ ಅನುಕೂಲವಾಗಿತ್ತು.

ತಿಂಗಳಿನ ಮೊದಲ ದಿನ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕೆಂಬುದು ಸರ್ಕಾರದ ನಿಯಮ. ಹಾಗಾಗಿ ಅಕ್ಟೋಬರ್ ಕೊನೆಯವರೆಗೆ ಇರಬೇಕಾಗಿದ್ದ ನಾನು ಮೇ 31ಕ್ಕೆ ಮನೆಗೆ ಹೊರಟೆ. ಈ ಅಂತರ ಎಂದೂ ನನ್ನನ್ನು ಕಾಡಿರಲಿಲ್ಲ, ಆ ಬೇಸಿಗೆಯವರೆಗೆ.

ಯುಗಾದಿ ಆಗಿ ಎರಡು ವಾರ ಕಳೆದಿತ್ತು. ಶಕ 1908ರ ಆ ಸಂವತ್ಸರದ ನಿಜವಾದ ಹೆಸರು ಕ್ಷಯ. ಪಂಚಾಂಗದ ಮುದ್ರಕರು ಅಂಜಿ ಅಕ್ಷಯ ಎಂದು ಅಚ್ಚು ಹಾಕಿದ್ದರು. ನನ್ನ ಹೆಂಡತಿ ಬಲ ಪಕ್ಕೆ ಹಿಡಿದುಕೊಂಡು ಅಡಿಗೆಮನೆಯ ನೆಲದ ಮೇಲೆ ಕುಳಿತದ್ದನ್ನು ಕಂಡೆ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಚಿತ್ರ ತೆಗೆಸಿದಾಗ ಬಲ ಮೂತ್ರಪಿಂಡದಲ್ಲಿ ದೊಡ್ಡ ಕಲ್ಲು ಕಂಡಿತು. ಎಡಗಡೆಯದರಲ್ಲಿ ಜೋಳದ ನುಚ್ಚಿನಷ್ಟು ಸಣ್ಣವು ಕೆಲವು. ವೈದ್ಯರು ವಯಸ್ಸಾದವರು, ನಿಧಾನವಾಗಿ ಮಾತನಾಡುವವರು.

“ಬಲಗಡೀದು ತಗೀಲೇಬೇಕು,” ಎಂದರು. “ಎಡಗಡೀದು ಸದ್ಯ ಸುಮ್ಮನ ಅದ. ಮುಂದ ಎಂದಾರ ಎದ್ದೀತು. ಆಗ ನೋಡೋಣಂತ.”

ಬಸ್ಸಿನಲ್ಲಿ ಮರಳುವಾಗ ಅವಳು ನಕ್ಕಳು. “ಮೂವತ್ತ ವರ್ಷ ಮಂದಿ ಊರಿನ ಕಲ್ಲ ಓದಿದ್ರಿ. ಮನ್ಯಾಗೊಂದು ಬೆಳ್ಯಾಕ ಹತ್ತಿತ್ತು, ಗೊತ್ತs ಆಗಲಿಲ್ಲ ನೋಡ್ರಿ ನಿಮಗ.”

ನೌಕರಿಯಲ್ಲಿರುವವನಿಗೆ ತನ್ನ ಮತ್ತು ಹೆಂಡತಿಯ ಆಸ್ಪತ್ರೆ ಖರ್ಚು ಸರ್ಕಾರದಿಂದ ಮರಳಿ ಬರುತ್ತಿತ್ತು. ನಿವೃತ್ತನಾದವನಿಗೆ ಇರಲಿಲ್ಲ. ಬಿಲ್ಲುಗಳು, ಔಷಧದಂಗಡಿಯ ರಸೀದಿಗಳು, ಅವು ಅವಶ್ಯವಾಗಿದ್ದವೆಂದು ವೈದ್ಯರು ಬರೆದ ಪ್ರಮಾಣಪತ್ರ, ಇಷ್ಟನ್ನೂ ತಾರೀಖಿನ ಕ್ರಮದಲ್ಲಿ ಹಚ್ಚಿ ಕೊಡಬೇಕು. ಧಾರವಾಡದ ನಮ್ಮ ಕಚೇರಿಯ ಮುಖ್ಯ ಗುಮಾಸ್ತರನ್ನು ಕೇಳಿದೆ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕಡೆಗೆ ಒತ್ತಿಕೊಂಡು ಅವರು ಹೇಳಿದ್ದು ಹೀಗೆ:

“ಮೇ ಮೂವತ್ತೊಂದರೊಳಗ ಡಿಸ್ಚಾರ್ಜ್ ಆಗಿರಬೇಕ್ರಿ ಸರ. ಪೇಶಂಟ ಒಳಗಿದ್ದಾಗ ನೀವು ರಿಟಾಯರ್ ಆದ್ರಿ ಅಂದ್ರ ಇಡೀ ಕೇಸs ಹೋಗತೈತಿ. ಒಂದ ಪೈ ಬರೂದಿಲ್ಲ.”

“ನಿಯಮದಾಗ ಹಂಗೈತೇನ್ರಿ?”

“ಇಪ್ಪತ್ತೆರಡ ವರ್ಷ ಇದs ಟೇಬಲ್ಲಿಗೆ ಕುಂತೇನ್ರಿ. ಕಲ್ಲಿನ್ಯಾಗ ಬರದಂಗ ಐತಿ.”

ಕಲ್ಲಿನಲ್ಲಿ ಬರೆದದ್ದನ್ನು ನಾನು ಎಂದೂ ಹಾಗೆಯೇ ನಂಬಿದವನಲ್ಲ. ನಿಯಮಗಳ ಪುಸ್ತಕ ಅವರ ಹಿಂದಿನ ಕಪಾಟಿನಲ್ಲಿತ್ತು, ಕೈಗೆ ನಿಲುಕುವಷ್ಟು ಹತ್ತಿರ. ಕೇಳಲಿಲ್ಲ.

ಮೇ 19ರ ಸೋಮವಾರ ಶಸ್ತ್ರಕ್ರಿಯೆ ಆಯಿತು. ಕಲ್ಲು ಹೊರಗೆ ಬಂತು. ಅದನ್ನು ಒಂದು ಸಣ್ಣ ಗಾಜಿನ ಸೀಸೆಯಲ್ಲಿ ಹಾಕಿ ಅವಳಿಗೆ ಕೊಟ್ಟರು. ಒಂದು ವಾರದಲ್ಲಿ ಮನೆಗೆ ಹೋಗಬಹುದೆಂಬ ಅಂದಾಜಿತ್ತು. ಆದರೆ ಐದನೆಯ ದಿನ ಹೊಲಿಗೆಯಲ್ಲಿ ಕೀವು ಕಾಣಿಸಿ ಜ್ವರ ಏರಿತು. 24ರಿಂದ ಒಂದು ಹೊಸ ಇಂಜೆಕ್ಷನ್ ಶುರು ಮಾಡಿದರು. ದಿನಕ್ಕೆ ಎರಡು. ಆಸ್ಪತ್ರೆಯ ಎದುರಿನ ಅಂಗಡಿಯಿಂದ ದಿನದಿನವೂ ನಾನೇ ತರುತ್ತಿದ್ದೆ. ಒಂದೊಂದು ರಸೀದಿಯ ಹಿಂದೆ ಸೀಸದ ಕಡ್ಡಿಯಿಂದ ವೇಳೆ ಬರೆದು, ದಾರ ಪೋಣಿಸಿದ ಕಡತದಲ್ಲಿ ಕಟ್ಟುತ್ತಿದ್ದೆ.

ರೋಗಿಯ ಹತ್ತಿರ ಇರಲು ಮಿಶ್ರಿಕೋಟಿಯಿಂದ ನನ್ನ ನಾದಿನಿ ಬಂದಿದ್ದಳು. ಅಕ್ಕನಿಗಿಂತ ಎಂಟು ವರ್ಷ ಸಣ್ಣವಳು. ಬಾಯಿ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಅವಳಿಂದಾಗಿ ಆ ಕೋಣೆಯಲ್ಲಿ ಸ್ವಲ್ಪ ಮನೆಯ ವಾಸನೆ ಇತ್ತು.

28ರ ಬುಧವಾರ ಮಧ್ಯಾಹ್ನ ಹೆಂಡತಿ ಕಣ್ಣು ಬಿಟ್ಟು ಕೇಳಿದಳು: “ಇಷ್ಟೊತ್ತಿನ್ಯಾಗ ಯಾವ ಗುಡಿಯೊಳಗ ಜಾಗಟಿ ಬಾರಸ್ತಾರ?”

“ಇಲ್ಲೆಲ್ಲೈತೆಕ್ಕಾ ಗುಡಿ? ಬಾಜೂಕ ಗ್ಯಾರೇಜ್ ಐತಿ,” ಎಂದಳು ತಂಗಿ. “ಅದೂ ಊಟಕ್ಕ ಬಂದ್ ಮಾಡ್ಯಾರ.”

“ಹುಚ್ಚಿ, ಜಾಗಟಿನ ಅದು. ನಿನಗ ಕೇಳಸವಲ್ದು.”

ಮರುದಿನ ಬೆಳಿಗ್ಗೆ ಅವಳು ಇದನ್ನು ವೈದ್ಯರಿಗೂ ಹೇಳಿದಳಂತೆ. ನಾನು ಆಗ ಕಚೇರಿಯ ಅಧಿಕಾರ ವಹಿಸಿಕೊಡುವ ಕಾಗದಗಳಿಗಾಗಿ ಧಾರವಾಡಕ್ಕೆ ಹೋಗಿದ್ದೆ. ಸಂಜೆ ಬಂದಾಗ ಹೊಸ ಔಷಧದ ಚೀಟಿ ಇರಲಿಲ್ಲ. ಅಂಗಡಿಗೆ ಹೋಗಲಿಲ್ಲ. ಹಿಂದೆ ತಂದದ್ದರಲ್ಲಿ ಉಳಿದಿರಬೇಕೆಂದುಕೊಂಡೆ. ಧಾರವಾಡಕ್ಕೆ ಹೋಗುವುದಿದೆಯೆಂದು ಬುಧವಾರ ಹೆಚ್ಚಿಗೆ ತಂದಿದ್ದ ಮೂರು ಪುಟ್ಟ ಸೀಸೆಗಳು ನಿಜಕ್ಕೂ ಮೇಜಿನ ಮೇಲೆ ಉಳಿದಿದ್ದವು.

ಶುಕ್ರವಾರ ಜ್ವರ ಇಳಿಯಿತು, ಆದರೆ ಗಾಯ ಇನ್ನೂ ತೆರೆದಿತ್ತು. ಮನೆಗೆ ಕಳಿಸುವ ಮಾತೇ ಇರಲಿಲ್ಲ. ಮರುದಿನ ಮೂವತ್ತೊಂದು. ನಾನು ವೈದ್ಯರ ಕೋಣೆಗೆ ಹೋಗಿ ಗುಮಾಸ್ತರು ಹೇಳಿದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂದ್ರ ಈಕಿ ನಾಳೆ ಕಾಗದದ ಮ್ಯಾಲ ಮನಿಗೆ ಹೋಗಬೇಕು. ನಾಡದ ಮತ್ತ ಹೊಸ ಪೇಶಂಟಾಗಿ ಬರಬೇಕು. ಹಿಂಗೇನು?”

“ಬ್ಯಾರೆ ಹಾದಿ ಇದ್ರ ನೀವs ಹೇಳ್ರಿ.”

“ನನಗ ಸೇರಂಗಿಲ್ಲ ಇದು,” ಎಂದರು. “ಆದ್ರ ಮೂವತ್ತ ವರ್ಷ ಸರ್ವಿಸ್ ಮಾಡಿದವರಿಗೆ ಒಂದ ದಿನದ ಸಲುವಾಗಿ ಲುಕ್ಸಾನ್ ಆಗೂದೂ ಸೇರಂಗಿಲ್ಲ.”

ಅವರು ಒಪ್ಪಿದರು. ಬೇಗ ಬೇಕು, ಸಹಿ ಮಾಡಿದ ಪ್ರತಿಗಳು ಸೋಮವಾರವೇ ಬೇಕು ಎಂದು ಒತ್ತಾಯಿಸಿದವನು ನಾನು. ಹಾಗಾಗಿ ಶನಿವಾರ ಸಂಜೆಯೇ ಅವಳ ಹಾಸಿಗೆಯ ತುದಿಗೆ ತೂಗುತ್ತಿದ್ದ ಚಿಕಿತ್ಸೆಯ ಹಾಳೆಗಳನ್ನೆಲ್ಲ ಬಿಚ್ಚಿ, ಪ್ರತಿ ಮಾಡಲು ಬಿಲ್ಲಿನ ಕೋಣೆಗೆ ಒಯ್ದರು. ತಗಡಿನ ಹಲಗೆ ಬರಿದಾಗಿ ತೂಗಿತು.

ಅವಳಿಗೆ ವಿಷಯ ತಿಳಿಸಿದಾಗ ಮುಖ ಸಿಂಡರಿಸಿದಳು. “ಶನಿವಾರ ದವಾಖಾನಿಯಿಂದ ಮನಿಗೆ ಹೋಗಬಾರದ್ರಿ. ಹೊಳ್ಳಿ ಬರಬೇಕಾಗತೈತಂತ.”

“ಕಾಗದದಾಗ ಹೋಗೂದು ಅಷ್ಟ.”

“ಕಾಗದದಾಗ ಆದ್ರೇನು, ವಾರ ವಾರನ ಹೌದಲ್ಲೋ? ವಾರ ತಿಥಿ ಅಂತ ಜಲ್ಮ ತೆಗದವರು ನೀವು.”

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮಾವಾರ, ಅಕ್ಕ ಮನಿಗೆ ಹೋದ್ಳಂದ್ರ ನಾ ಇಲ್ಲಿ ಯಾರನ್ನ ಕಾಯಾಕ ಕುಂತೇನ್ರಿ ಹಂಗಾರ? ಏ ಅಕ್ಕಾ, ಇಷ್ಟೊತ್ತಿಗೆ ನೀ ಒಲಿ ಹಚ್ಚಿ ಜ್ವಾಳದ ಹಿಟ್ಟ ನಾದಾಕ ಹತ್ತಿರತಿ ನೋಡು ಅಲ್ಲೆ ಸಂಶ್ಯಾಗ.”

“ಕೀಲಿ ಯಾರ ತೆಗದಾರ ಲೇ ನನಗ?” ಎಂದಳು ಹೆಂಡತಿ. “ಕೀಲೀ ಕೈ ಇವರ ಕಿಸೇದಾಗ ಐತಿ. ನಾ ಕಟ್ಟಿ ಮ್ಯಾಲ ಕುಂತಿರಬೇಕು ಪಾಪ, ಒದರಿಕೊಂತ.”

ಮೂವರೂ ನಕ್ಕೆವು. ಅವಳ ಆಸ್ಪತ್ರೆವಾಸದಲ್ಲಿ ನಾವು ಒಟ್ಟಿಗೆ ನಕ್ಕದ್ದು ಅದೊಂದೇ ಸಲ ಎಂದು ನೆನಪು. ಅವಳು ನನ್ನ ದನಿಯನ್ನು ಕೇಳಿ ನಕ್ಕದ್ದೂ ಅದೇ ಕೊನೆ.

ಜೂನ್ ಒಂದು, ಭಾನುವಾರ. ನನ್ನ ಸುಳ್ಳು ಹುಟ್ಟುಹಬ್ಬ. ಹಿರಿಯ ವೈದ್ಯರು ಬಳಗದ ಮದುವೆಗೆಂದು ಮೂರು ದಿನದ ಮಟ್ಟಿಗೆ ಊರಿಗೆ ಹೋಗಿದ್ದರು. ಪಾಳಿಯಲ್ಲಿದ್ದವರು ಬೇರೊಬ್ಬರು, ತರುಣ ವೈದ್ಯರು. ಬರಿದಾದ ಹಲಗೆಯ ಮೇಲೆ ಹೊಸ ಹಾಳೆ ಸಿಕ್ಕಿಸಿ, ಹೊಸ ರೋಗಿಯೆಂದು ಹೆಸರು ವಯಸ್ಸು ಬರೆದುಕೊಂಡರು. ನನ್ನನ್ನು ಪಡಸಾಲೆಗೆ ಕರೆದು ಕೇಳಿದರು: “ಇವರಿಗೆ ಯಾವ ಯಾವ ಇಂಜೆಕ್ಷನ್ ನಡದಿತ್ತ್ರಿ? ಹಳೇ ಪೇಪರ್ ಬಿಲ್ಲಿನ ರೂಮಿನ್ಯಾಗ ಅದಾವಂತ, ಇವತ್ತ ಕೀಲಿ ಹಾಕ್ಯಾರ.”

ನನ್ನ ಕೈಯಲ್ಲಿ ಕಡತವಿತ್ತು. ಬೇರೆ ಯಾರ ಹತ್ತಿರ ಇರುತ್ತಿತ್ತು ಅಷ್ಟು ಅಚ್ಚುಕಟ್ಟಾದ ಕಡತ? ದಾರ ಬಿಚ್ಚಿ ರಸೀದಿಗಳನ್ನು ಒಂದೊಂದಾಗಿ ತೆಗೆದು ಓದಿದೆ. 24, 25, 26, 27, 28: ಒಂದೇ ಇಂಜೆಕ್ಷನ್, ಒಂದೇ ಅಳತೆ. “ಇಪ್ಪತ್ತೆಂಟರ ಮ್ಯಾಲ?” ಎಂದರು. “ಮೊದಲ ತಂದದ್ದs ಉಳದೈತ್ರಿ,” ಎಂದೆ. ಅವರು ತಲೆದೂಗಿ ಬರೆದುಕೊಂಡರು. ನನ್ನ ವ್ಯವಸ್ಥೆಯನ್ನು ಹೊಗಳಿದರು ಕೂಡ. ಆ ಹೊಗಳಿಕೆ ನನಗೆ ಹಿತವಾಗಿತ್ತು. ಅದನ್ನೂ ಇಲ್ಲಿ ದಾಖಲಿಸಬೇಕು.

ರಸೀದಿ ಏನನ್ನು ಕೊಂಡರೆಂದು ಹೇಳುತ್ತದೆ. ಏನನ್ನು ನಿಲ್ಲಿಸಿದರೆಂದು ಹೇಳುವುದಿಲ್ಲ. ದತ್ತಿ ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಸುತ್ತಾರೆ, ಅದು ನಿಂತುಹೋದದ್ದನ್ನು ಯಾರೂ ಬರೆಸುವುದಿಲ್ಲ ಎಂದು ಕಿರಿಯ ಸಂಶೋಧಕರಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ಗುರುವಾರ ಬೆಳಿಗ್ಗೆ ಹಿರಿಯ ವೈದ್ಯರು ಜಾಗಟೆಯ ಮಾತು ಕೇಳಿದ ಕೂಡಲೇ, ಔಷಧ ಕಿವಿಯ ನರಕ್ಕೆ ತಗಲುತ್ತಿದೆಯೆಂದು ಆ ಇಂಜೆಕ್ಷನ್ ನಿಲ್ಲಿಸಿ, ಕೆಂಪು ಶಾಯಿಯಲ್ಲಿ ಹಾಳೆಯ ಮೇಲೆ ಬರೆದಿದ್ದರು. ಆ ಹಾಳೆ, ನನ್ನ ಅವಸರಕ್ಕಾಗಿ, ಕೀಲಿ ಹಾಕಿದ ಕೋಣೆಯಲ್ಲಿತ್ತು.

ಸೋಮವಾರ ಆ ಕೋಣೆ ತೆರೆಯಿತು, ಆದರೆ ಹೊಸ ಹಾಳೆ ಇದ್ದದ್ದರಿಂದ ಹಳೆಯದನ್ನು ಯಾರೂ ಕೇಳಲಿಲ್ಲ. ಭಾನುವಾರ ಎರಡು, ಸೋಮವಾರ ಎರಡು, ಮಂಗಳವಾರ ಎರಡು. ಮೊದಲ ಮೂರು ಮೇಜಿನ ಮೇಲಿದ್ದವು. ಉಳಿದ ಮೂರನ್ನು ನಾನು ಕೊಂಡು ತಂದೆ.

ಬುಧವಾರ ಬೆಳಿಗ್ಗೆ ಗಂಜಿಯ ಬಟ್ಟಲು ಹಿಡಿದು ಅವಳ ಹತ್ತಿರ ಕುಳಿತು, ಬಿಸಿ ಇದೆ, ಆರಿಸಿಕೊಂಡು ಕುಡಿ ಎಂದು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

“ಯಾಕ ಸುಮ್ಮನ ತುಟಿ ಅಷ್ಟ ಅಲ್ಲಾಡಸ್ತೀರಿ? ಗಂಟಲ ಕಟ್ಟೇತೇನು?”

ಆಮೇಲೆ ತಂಗಿಯ ಕಡೆ ತಿರುಗಿದಳು. ತಂಗಿಯೂ ಏನೋ ಹೇಳಿದಳು. ಹೆಂಡತಿ ತನ್ನ ಎರಡೂ ಕಿವಿಗಳ ಮೇಲೆ ಅಂಗೈ ಇಟ್ಟು ತೆಗೆದಳು, ಮತ್ತೆ ಇಟ್ಟು ತೆಗೆದಳು, ಬಾಗಿಲು ಹಾಕಿ ತೆರೆದು ನೋಡುವವರಂತೆ.

ಮದುವೆಯಿಂದ ಬಂದ ಹಿರಿಯ ವೈದ್ಯರು ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು. ನನಗೆ ಒಂದೇ ಮಾತು ಹೇಳಿದರು: “ನಾ ಸಹಿ ಮಾಡಬಾರದಿತ್ತು.” ಕಿವಿ ಮರಳಬಹುದೇ ಎಂದು ಕೇಳಿದೆ. ಮೊದಲ ಐದು ದಿನದ ಇಂಜೆಕ್ಷನ್ನೇ ಸಾಕಿತ್ತೋ, ಕೊನೆಯ ಮೂರು ದಿನದ್ದು ಮಾಡಿತೋ, ಯಾರೂ ಖಚಿತವಾಗಿ ಹೇಳಲಾರರು ಎಂದರು. ಅದು ಸಮಾಧಾನಕ್ಕೆ ಹೇಳಿದ್ದು. ನನಗೆ ಅದೇ ದೊಡ್ಡ ಶಿಕ್ಷೆಯಾಯಿತು. ಎಲ್ಲ ದಿನಾಂಕಗಳನ್ನೂ ಕೂಡಿಸಿ ಕಳೆದು ನೋಡಬಲ್ಲೆ, ಆದರೆ ಈ ಪ್ರಶ್ನೆಗೆ ಉತ್ತರ ಕೊಡುವ ದಾಖಲೆ ಎಲ್ಲಿಯೂ ಇಲ್ಲ.

ಸಂಶಿಯ ಮನೆಗೆ ಬಂದೆವು. ನನ್ನ ಅರ್ಜಿ ಒಂದೂ ಆಕ್ಷೇಪವಿಲ್ಲದೆ ಮಂಜೂರಾಯಿತು. ಬಂದ ಹಣದಲ್ಲಿ ಅವಳಿಗೆ ಕಿವಿಯ ಯಂತ್ರ ತಂದೆ. ಬೀಡಿ ಕಟ್ಟಿನಷ್ಟು ದಪ್ಪದ ಡಬ್ಬಿ, ಅದಕ್ಕೊಂದು ತಂತಿ. ನನ್ನ ಸಮಾಧಾನಕ್ಕೆ ಒಂದು ತಿಂಗಳು ಕುಪ್ಪಸಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಅದನ್ನು ತೆಗೆದು, ಹೊಟ್ಟೆಯಿಂದ ತೆಗೆದ ಕಲ್ಲಿನ ಸೀಸೆಯ ಪಕ್ಕದಲ್ಲಿ, ಗೋಡೆಯ ಮಾಡದಲ್ಲಿಟ್ಟಳು. ಕಿವಿಯ ವೈದ್ಯರಲ್ಲಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ಅವರೂ ರಸೀದಿ ಕೊಡುತ್ತಿದ್ದರು. ಅದನ್ನು ಕೊಡಲು ಈಗ ಯಾವ ಕಚೇರಿಯೂ ಇರಲಿಲ್ಲ. ಆದರೂ ದಾರದಲ್ಲಿ ಪೋಣಿಸುತ್ತಿದ್ದೆ.

ಆಗಸ್ಟ್‌ನಲ್ಲಿ ಪಿಂಚಣಿಯ ಕೆಲಸಕ್ಕೆ ಕಚೇರಿಗೆ ಹೋದಾಗ, ಕಾಯುತ್ತ ಕುಳಿತವನು ಆ ಕಪಾಟಿನಿಂದ ನಿಯಮಗಳ ಪುಸ್ತಕ ತೆಗೆದು ಓದಿದೆ. ನಿವೃತ್ತಿಯ ದಿನದವರೆಗೆ ನಡೆದ ಚಿಕಿತ್ಸೆಗೆ ಆ ದಿನದವರೆಗಿನ ಬಿಲ್ಲು ಕೊಟ್ಟರೆ ಸಾಕಿತ್ತು. ಡಿಸ್ಚಾರ್ಜ್ ಆಗಿರಬೇಕೆಂಬ ಮಾತು ಎಲ್ಲಿಯೂ ಇರಲಿಲ್ಲ. ಪುಟ ತೋರಿಸಿದೆ. ಗುಮಾಸ್ತರು ಎರಡು ಸಲ ಓದಿದರು.

“ಹಿಂದ ಇದ್ದ ಸಾಹೇಬರು ಹಂಗs ಹೇಳತಿದ್ರರಿ ಸರ,” ಎಂದರು. ಪುಸ್ತಕ ಮುಚ್ಚಿ, “ಆದರೂ ನಿಮ್ಮದು ಪಾಸಾತಲ್ರಿ,” ಎಂದರು.

ಮನೆಯಲ್ಲಿ ನಾವು ಪಾಟಿಯ ಮೇಲೆ ಮಾತನಾಡಲು ಕಲಿತೆವು. ಅವಳು ಐದನೆಯ ಇಯತ್ತೆವರೆಗೆ ಓದಿದ್ದಳು. ನಾನು ಬಳಪದಲ್ಲಿ ಬರೆಯುತ್ತಿದ್ದೆ, ಅವಳು ಓದಿ ಬಾಯಲ್ಲಿ ಉತ್ತರ ಕೊಡುತ್ತಿದ್ದಳು. ತನ್ನ ದನಿ ತನಗೆ ಕೇಳಿಸದ್ದರಿಂದ ಅದು ದಿನದಿನಕ್ಕೆ ದೊಡ್ಡದಾಗಿ, ಏರಿಳಿತ ಕಳೆದುಕೊಂಡಿತು. ನಾನು “ಸಂತಿಗೆ ಹೊಂಟೇನಿ” ಎಂದು ಬರೆದರೆ, “ತಾರೀಖ ಹಾಕಿಲ್ಲಲ್ರಿ ಸಾಹೇಬ್ರ!” ಎಂದು ಕೂಗುತ್ತಿದ್ದಳು. ಓಣಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆದರೆ ಅವಳ ಕಿವಿಯಲ್ಲಿ ನಿಶ್ಶಬ್ದ ಇರಲಿಲ್ಲ. ಜಾಗಟೆ ನಿಂತಿತ್ತು, ಅದರ ಬದಲು ಬೇರೇನೋ ಬಂದಿತ್ತು. ಅಕ್ಕಿ ಆರಿಸುತ್ತಿದ್ದವಳು ಒಮ್ಮೆಲೇ ತಲೆ ಎತ್ತಿ, “ಹೊರಗ ಯಾರೋ ಕರ್ಯಾಕ ಹತ್ಯಾರ ನೋಡ್ರಿ,” ಎನ್ನುತ್ತಿದ್ದಳು. ಮೊದಲ ದಿನಗಳಲ್ಲಿ ಯಾರೂ ಇಲ್ಲವೆಂದು ಪಾಟಿಯ ಮೇಲೆ ಬರೆದೆ. ಅವಳು ಒಪ್ಪಲಿಲ್ಲ. “ಹೆಣಮಗಳ ದನಿ ಐತಿ. ಎದ್ದ ನೋಡ್ರಿ ಒಂದೀಟು.” ಎದ್ದು ನೋಡುವುದು ರೂಢಿಯಾಯಿತು. ಹೊಸ್ತಿಲವರೆಗೆ ಹೋಗಿ, ಬೀದಿಯ ಎರಡೂ ಕಡೆ ನೋಡಿ, ಬಂದು ತಲೆ ಅಲ್ಲಾಡಿಸುವುದು.

1987ರ ದೀಪಾವಳಿ ಕಳೆದ ಮೇಲೆ ಊರಿನ ಒಬ್ಬ ಬಟ್ಟೆ ಅಂಗಡಿಯವರು ನಮ್ಮ ಮನೆಗೆ ಬಂದರು. ಅವರು ವಿಮೆಯ ಏಜೆಂಟರೂ ಆಗಿದ್ದರು. ಆಸ್ಪತ್ರೆ ಖರ್ಚಿಗೆಂದೇ ಹೊಸದೊಂದು ವಿಮೆ ಬಂದಿದೆ, ವರ್ಷಕ್ಕೊಮ್ಮೆ ಕಂತು ಕಟ್ಟಿದರಾಯಿತು ಎಂದು ವಿವರಿಸಿದರು. ನನ್ನ ಕಣ್ಣ ಮುಂದೆ ಅವಳ ಎಡಗಡೆಯ ನುಚ್ಚು ಕಲ್ಲುಗಳು ಬಂದವು. ಅವು ಎದ್ದರೆ ಪಿಂಚಣಿಯಲ್ಲಿ ಇನ್ನೊಂದು ಶಸ್ತ್ರಕ್ರಿಯೆ ಆಗುವಂತಿರಲಿಲ್ಲ. ಫಾರಂ ಇಸಿದುಕೊಂಡೆ.

ಮೊದಲ ಸಾಲು ಅರ್ಜಿದಾರನ, ಅಂದರೆ ನನ್ನ, ಹುಟ್ಟಿದ ದಿನಾಂಕ. ಒಂಬತ್ತನೆಯ ಸಾಲಿನಲ್ಲಿ: ವಿಮೆಗೆ ಒಳಪಡುವವರು ಹಿಂದೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದರೆ, ದಾಖಲಾದ ದಿನ, ಬಿಡುಗಡೆಯಾದ ದಿನ, ಫಲ, ಪ್ರಮಾಣಪತ್ರ ಲಗತ್ತಿಸುವುದು. ಅದರ ಕೆಳಗೆ: ಈಗಿರುವ ನ್ಯೂನತೆ.

“ಸರ್ಟಿಫಿಕೇಟಿನ್ಯಾಗ ಹೆಂಗೈತಿ ಹಂಗs ಬರೀರಿ ಕಾಕಾರ,” ಎಂದರು ಅವರು. “ಮೇ ಮೂವತ್ತೊಂದು, ಗುಣಮುಖ. ಅಗದಿ ಚೊಲೋ ಸರ್ಟಿಫಿಕೇಟ್ ಐತಿ. ಕಿವಿ ಸುದ್ದಿ ತಗೀಬ್ಯಾಡ್ರಿ. ವಯಸ್ಸಾದ ಮ್ಯಾಲ ಯಾರ ಕಿವಿ ಸುದ್ದ ಇರ್ತಾವ?”

ಪೆನ್ನು ತೆಗೆದೆ. ಮೊದಲ ಸಾಲಿನಲ್ಲಿ ಜೂನ್ ಒಂದು ಎಂದು ಅಭ್ಯಾಸಬಲದಿಂದ ಬರೆದೆ. ಒಂಬತ್ತನೆಯದಕ್ಕೆ ಬಂದಾಗ ಕೈ ನಿಂತಿತು. ಗುಣಮುಖಳಾಗಿ ಮನೆಗೆ ಹೋದವಳು, ಕಿವಿ ಸರಿಯಾಗಿರುವವಳು: ಅವಳ ಮೇಲೆ ನಾನು ವಿಮೆ ಮಾಡಿಸಲು ಹೊರಟಿದ್ದೆ. ಒಳಗೆ ಕುಳಿತಿದ್ದವಳ ಮೇಲೆ ಅಲ್ಲ. ನಾಳೆ ಕೊಡುತ್ತೇನೆಂದು ಅವರಿಗೆ ಹೇಳಿದೆ. ಅವರು ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಪಕ್ಕದ ಮನೆಯವರೊಂದಿಗೆ ಮಾತಿಗೆ ಕುಳಿತರು.

ಹೆಂಡತಿ ನಡುಬಾಗಿಲಲ್ಲಿ ನಿಂತಿದ್ದಳು. “ಏನ ಬರ್ಯಾಕ ಹತ್ತೀರಿ, ಇಷ್ಟ ಬೆವತೀರಿ?”

ಪಾಟಿ ತೆಗೆದುಕೊಂಡೆ. ಮೂರು ಪಾಟಿ ಹಿಡಿಯಿತು. ಮೊದಲನೆಯದರಲ್ಲಿ ಹಾಳೆಗಳು ಬಿಲ್ಲಿನ ಕೋಣೆಗೆ ಹೋದದ್ದು. ಎರಡನೆಯದರಲ್ಲಿ ಭಾನುವಾರದ ತರುಣ ವೈದ್ಯರು, ನನ್ನ ರಸೀದಿಗಳು. ಮೂರನೆಯದರಲ್ಲಿ ಆರು ಇಂಜೆಕ್ಷನ್ನುಗಳು, ಮೂರನ್ನು ನಾನೇ ತಂದದ್ದು. ಒಂದೊಂದನ್ನೂ ಅವಳು ತುಟಿ ಅಲ್ಲಾಡಿಸುತ್ತ ಓದಿದಳು. ಓದಿ ಮುಗಿಸಿ ತಲೆದೂಗಿದ ಮೇಲೆ ನಾನು ಒರೆಸಿ ಮುಂದಿನದನ್ನು ಬರೆದೆ. ಕೊನೆಯದನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡು ತಾನೇ ಅಂಗೈಯಿಂದ ಒರೆಸಿದಳು.

“ರಸೀದಿ ನೋಡಿ ಹೇಳಿದ್ರೇನು?” ಎಂದಳು, ಓಣಿಗೆಲ್ಲ ಕೇಳುವ ಆ ಚಪ್ಪಟೆ ದನಿಯಲ್ಲಿ. “ನನ್ನ ಯಾಕ ಕೇಳಲಿಲ್ಲ? ಡಾಕ್ಟರ್ ಆ ಸೂಜಿ ಬಂದ್ ಮಾಡೇನಿ ಅಂತ ಗುರುವಾರನ ನನಗ ಹೇಳಿದ್ರಲ್ಲ. ಐತವಾರ ಚುಚ್ಚಿದಾಗ ಬ್ಯಾರೇದು ಇರಬೇಕಂತ ತಿಳದ ಸುಮ್ಮನಿದ್ದೆ. ನಾ ಅಲ್ಲೇ ಕಾಟಿನ ಮ್ಯಾಲ ಎಚ್ಚರಿದ್ನೆಲ್ರಿ. ನೀವು ಪಡಸಾಲ್ಯಾಗ ನಿಂತ ಕಾಗದ ಓದಾಕ ಹತ್ತಿದ್ರಿ.”

ಕಟ್ಟೆಯ ಮೇಲೆ ಏಜೆಂಟರ ಮಾತು ನಿಂತಿತು. ಆಮೇಲೆ ಅವರು ಮೆಲ್ಲಗೆ ಹೋದರು.

ಇಡೀ ಸಂಗತಿಯಲ್ಲಿ ಬದುಕಿದ್ದ ಸಾಕ್ಷಿ ಒಬ್ಬಳೇ. ಹತ್ತು ಹೆಜ್ಜೆ ದೂರದಲ್ಲಿದ್ದಳು. ಅವಳನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ, ಅಂದೂ, ಅದರ ಮುಂದಿನ ಒಂದೂವರೆ ವರ್ಷದಲ್ಲಿಯೂ.

ಅವಳು ಪಾಟಿಯನ್ನು ಗೂಟಕ್ಕೆ ತೂಗುಹಾಕಿ ಒಳಗೆ ಹೋದಳು. ಆ ದಿನ ಸಂಜೆ ರೊಟ್ಟಿ ಬಡಿಯುವಾಗ ಒಂದು ಮಾತು ಹೇಳಿದಳು, ಯಾರಿಗೆಂದು ಗೊತ್ತಾಗದಂತೆ: “ಶನಿವಾರ ಹೋಗಬಾರದಂತ ಹೇಳಿದ್ದೆ ನಾ.”

ಮರುದಿನ ಹೊಸ ಫಾರಂ ತರಿಸಿದೆ. ಹುಟ್ಟಿದ ದಿನಾಂಕದಲ್ಲಿ ಅಯ್ಯನವರ ಚೀಟಿಯಲ್ಲಿದ್ದ ದಿನ ಬರೆದೆ. ಬಿಡುಗಡೆಯಾದ ದಿನ: ಜೂನ್ 12. ಈಗಿರುವ ನ್ಯೂನತೆ: ಎರಡೂ ಕಿವಿ ಸಂಪೂರ್ಣ ಕೇಳಿಸುವುದಿಲ್ಲ. ನನ್ನ ಜೀವನದಲ್ಲಿ ಅಷ್ಟು ಶುದ್ಧವಾದ ದಾಖಲೆಯನ್ನು ನಾನು ಬರೆದಿರಲಿಲ್ಲ. ಒಂದು ತಿಂಗಳಿಗೆ ಅದು ಮರಳಿ ಬಂತು. ಅರ್ಜಿದಾರನ ಹುಟ್ಟಿದ ದಿನ ಶಾಲೆಯ ದಾಖಲೆಗೆ ಹೊಂದುವುದಿಲ್ಲ. ಬಿಡುಗಡೆಯ ದಿನ ಪ್ರಮಾಣಪತ್ರಕ್ಕೆ ಹೊಂದುವುದಿಲ್ಲ. ಏಜೆಂಟರು ತಲೆ ತಗ್ಗಿಸಿಕೊಂಡು ಅದನ್ನು ನನ್ನ ಕೈಗಿತ್ತರು. ಹೊಂದದ ದಾಖಲೆಯನ್ನು ನಾನಾದರೂ ತಿರಸ್ಕರಿಸುತ್ತಿದ್ದೆ.

ಅವಳ ಎಡಗಡೆಯ ಕಲ್ಲುಗಳು ಇನ್ನೂ ಸುಮ್ಮನಿವೆ. ಏಳುವ ದಿನಕ್ಕೆ ನಮ್ಮ ಹತ್ತಿರ ಏನೂ ಇಲ್ಲ.

ಅವಳು ಈಗಲೂ ತಲೆ ಎತ್ತುತ್ತಾಳೆ. ಹೆಚ್ಚಾಗಿ ಇಳಿಹೊತ್ತಿನಲ್ಲಿ, ಕುಂದಗೋಳದ ಬಸ್ಸು ಬಂದು ಹೋದ ಮೇಲೆ. “ಹೊರಗ ಕರ್ಯಾಕ ಹತ್ಯಾರ ನೋಡ್ರಿ.” ನಾನು ಏಳುತ್ತೇನೆ. ಕಾಗದದ ಪ್ರಕಾರ ಒಬ್ಬಳು ಆ ಶನಿವಾರ ಆಸ್ಪತ್ರೆಯಿಂದ ಹೊರಟಿದ್ದಾಳೆ. ಸಹಿ ಇದೆ, ಮುದ್ರೆ ಇದೆ. ಅವಳು ಎಲ್ಲಿಗೆ ಹೋಗಬೇಕು? ಮನೆಗೆ ಕೀಲಿ ಹಾಕಿತ್ತು, ಕೀಲೀ ಕೈ ನನ್ನ ಕಿಸೆಯಲ್ಲಿತ್ತು. ಹೊಸ್ತಿಲಲ್ಲಿ ನಿಂತು ಕಟ್ಟೆಯನ್ನು ನೋಡುತ್ತೇನೆ, ಬೀದಿಯ ಎರಡೂ ಕಡೆ ನೋಡುತ್ತೇನೆ. ಮೊದಲಿನಂತೆ ಕೂಡಲೇ ಮರಳುವುದಿಲ್ಲ. ಸ್ವಲ್ಪ ಹೊತ್ತು ಬಾಗಿಲನ್ನು ತೆರೆದು ಹಿಡಿದಿರುತ್ತೇನೆ, ಒಬ್ಬರು ಒಳಗೆ ಬರುವಷ್ಟು.

“ಯಾರ್ರೀ ಬಂದಾರ?” ಎಂದು ಒಳಗಿನಿಂದ ದೊಡ್ಡ ದನಿ ಕೇಳುತ್ತದೆ.

ಪಾಟಿ ಒಳಗೆ ಗೂಟದಲ್ಲಿದೆ. ಇಲ್ಲಿಂದ ನಾನು ಏನು ಹೇಳಿದರೂ ಅವಳಿಗೆ ಕೇಳಿಸುವುದಿಲ್ಲ.